ಎರಡನೇ ಗೇರು

ಲೈಸೆನ್ಸ್ ಬಂದು ಹದಿನೆಂಟು ದಿನ.
ಚಾಂದಪಾಷಾನ ಗ್ಯಾರೇಜಿನಿಂದ ತಂದ ಹಳೇ ಮಾರುತಿ.
ಎಡಗಡೆ ಬಾಗಿಲು ಒಳಗಿಂದ ತೆಗಿಯಂಗಿಲ್ಲ,
ಯಾರಾದರೂ ಹೊರಗ ನಿಂತು ತೆಗೀಬೇಕು.
ಅತ್ತಿ ಅಯ್ಯಮ್ಮಗ ಅದೇ ಭಾಳ ಹಿಡಿಸ್ತು:
"ದೊರೆಸಾನಿ ಇಳದಂಗ ಇಳೀತೀನಿ ನೋಡು."

ಯಾದಗಿರಿ ಬಿಟ್ಟಾಗ ಏಳೂವರಿ.
ಭೀಮಾ ಸೇತುವೆ ಮ್ಯಾಲ ಬಂದ ಕೂಡಲೇ
ಎಲಿಅಡಿಕಿ ಚೀಲದಾಗಿಂದ ಒಂದು ರೂಪಾಯಿ ತೆಗೆದು
ಕಿಟಕಿಯಿಂದ ಒಗೆದಳು. ಅದು ಕಂಬಿಗೆ ಬಡಿದು
ಟಣ್ ಅಂತ ಡಾಂಬರಕ್ಕೇ ಬಿತ್ತು.
"ಇರಲಿ ಬಿಡು. ತುಂಬಿ ಬಂದಾಗ ಹೊಳೆಮ್ಮ ತಾನೇ ತೊಗೊಂತಾಳ."

ಆಮ್ಯಾಲ ಸುರು ಆಯ್ತು.
"ಅಗಾ, ಆ ಬೇವಿನ ಗಿಡ. ಅದರ ಬುಡಕೊಂದು ಬಾವಿ.
ಮದಿವಿ ಮನಿಯವರು ರಾತ್ರಿ ಹೋಗಿ ಕೈಮುಗಿದು ಬಂದರ
ಮುಂಜಾನಿ ದಂಡಿ ಮ್ಯಾಲ ಕೊಪ್ಪರಿಗಿ, ಪರಾತ, ಸೌಟು
ತೊಳದು ಡಬ್ಬ ಹಾಕಿರತಿದ್ವಂತ.
ಉಂಡು, ತಿಕ್ಕಿ, ತಿರುಗಿ ಇಡಬೇಕು.
ಒಬ್ಬಾಕಿ ಏನು ಮಾಡಿದಳು, ಒಂದು ಸೌಟು—"
ಅಷ್ಟರಾಗ ಬೇವು ಕನ್ನಡಿಯೊಳಗ ಕಡ್ಡಿಯಾಗಿತ್ತು,
ಮುಂದ ಎರಡು ಕಲ್ಲು.
"ಅಯ್ಯ, ತಡಿ, ಇವರು ಅಕ್ಕ-ತಂಗಿ!
ಉಪ್ಪಿನ ಸಲುವಾಗಿ ಜಗಳಾಡಿ ಕಲ್ಲಾದವರು.
ಅಕ್ಕ ಹಿಂಗಂದಳು, ಅದಕ್ಕ ತಂಗಿ—"
ಕಲ್ಲೂ ಹೋದವು.
ಹತ್ತಿ ಹೊಲ ಬಂತು. ಪೆಟ್ರೋಲ್ ಬಂಕ್ ಬಂತು.
ಟೈರಿನ ಅಂಗಡಿ ಬಂತು, ಅದಕ್ಕ ಕತಿ ಇರಲಿಲ್ಲ.

ಅತ್ತಿ ಸೆರಗು ಸರಿ ಮಾಡಿಕೊಂಡಳು.
"ಗಾಡಿ ಚಲೋ ಅದ ನಿನ್ನದು," ಅಂದಳು,
"ಆದರ ಹೇಳಿದ್ದೆಲ್ಲಾ ಹಿಂದ ಬೀಳ್ತದ."

ಎಂಟು ವರ್ಷದಾಕಿ, ಅಪ್ಪನ ಪರಸಿಕಲ್ಲಿನ ಬಂಡಿ ಹಿಂದ
ಇದೇ ದಾರಿ ನಡೆದಾಳ, ರಾತ್ರಿಯೆಲ್ಲಾ.
ಸೌಟು ಕದ್ದಾಕಿ ಸಾಯೋ ಹೊತ್ತಿಗೆ ಸರಿಯಾಗಿ
ಅಕ್ಕ-ತಂಗಿ ಕಾಣತಿದ್ದರಂತ.
ಅಪ್ಪ ಹರದಾರಿ ಎಣಿಸತಿದ್ದಿಲ್ಲ:
"ದೋರನಹಳ್ಳಿ ಇನ್ನ ನಾಕು ಕತಿ ಅದ, ನಡಿ."

ನಾ ಎರಡನೇ ಗೇರಿಗೆ ಇಳಿಸಿದೆ.
ಲಾರಿ ಬೈದು ಹೋಯ್ತು. ಟಂಟಂ ಹೋಯ್ತು.
ಮೂರು ಮಂದಿ, ಒಂದು ಹೋತ ಕುಂತ ಬೈಕು ಹೋಯ್ತು,
ಹೋತ ಮಾತ್ರ ಹೊಳ್ಳಿ ನೋಡಿತು.
ಆಗ ಸೌಟಿನ ಕತಿ ಮುಗೀತು:
ಅವತ್ತಿನಿಂದ ಆಕಿ ಬಡಿಸಿದ ಸಾರು
ಯಾರ ಗಂಗಾಳಕ್ಕೂ ಮುಟ್ಟಲಿಲ್ಲ.

ಮತ್ತ ಬಾನೆಟ್ಟಿನಿಂದ ಹೊಗಿ ಬಂತು.

ಕೆನಾಲಿನ ನೀರು ತಂದವನು ಮೌನೇಶ, ಏಳನೇತ್ತೆ.
ಹೊರಗಿಂದ ಬಾಗಿಲು ತೆಗೆದವನೂ ಅವನೇ.
ದೊರೆಸಾನಿ ಇಳಿದಳು. ದೂರದಾಗ ಶಹಾಪುರದ ಗುಡ್ಡ,
ಅಂಗಾತ ಮಲಗಿದ ಒಬ್ಬನ ಹಣಿ, ಮೂಗು, ಎದಿ.
"ಬುದ್ಧ ಅದು," ಅಂದ ಹುಡುಗ, "ಸಾಲ್ಯಾಗ ಹೇಳ್ಯಾರ."
"ಇದ್ದೀತು. ನಮ್ಮಪ್ಪ ಹೇಳಿದ್ದು ಬ್ಯಾರೆ:
ಬಂಡಿ ಹೊಡೆಯೋನವ. ಹಿಂದಿನ ಬಂಡಿಯವರು ಬಂದಾಗ
ಎಬ್ಬಸ್ತಾರಂತ ಮಲಗಿದ. ಯಾರೂ ಎಬ್ಬಿಸಲಿಲ್ಲ."
"ಮತ್ತ ಎತ್ತು ಎಲ್ಲಿ?"

ಅತ್ತಿ ಬಾಯಿ ತೆರೆದು ಹಂಗೇ ನಿಂತಳು.
ರೇಡಿಯೇಟರ್ ಬುಸ್ ಅಂತಿತ್ತು.
"ನಾನೂ ಅದನ್ನೇ ಕೇಳಿದ್ದೆ," ಅಂದಳು ಕಡೀಕ.
"ಅಪ್ಪ ಏನಂದ?"
"ಗಂಟಿ ಸಪ್ಪಳ ಕೇಳಸ್ತದೇನು ನೋಡು, ಅಂದ."

ಮೂವರೂ ಸುಮ್ಮ ನಿಂತು ಕೇಳಿದಿವಿ.
ಕೆನಾಲು. ಒಂದು ಟ್ರ್ಯಾಕ್ಟರ್. ಹುಡುಗ ತಲಿ ಅಲ್ಲಾಡಿಸಿದ,
ಹೌದೋ ಅಲ್ಲೋ ತಿಳಿಯಲಿಲ್ಲ.

ತಂಗಿ ಏನಂದಳೋ ನನಗ ಇನ್ನೂ ಗೊತ್ತಿಲ್ಲ.
ಬರೋವಾಗ ಆ ಕಲ್ಲಿಗೆ ಕತ್ತಲಾಗಿತ್ತು,
ಅತ್ತಿ ಸೀಟು ಹಿಂದಕ್ಕ ಬಾಗಿಸಿ ನಿದ್ದಿ ಹತ್ತಿದ್ದಳು,
ಎದುರಿನ ಲಾರಿ ಬೆಳಕಿನ್ಯಾಗ ಹಣಿ, ಮೂಗು.
ನಿಧಾನಕ್ಕೇ ತಂದೆ, ಎರಡನೇ ಗೇರಿನ್ಯಾಗ.

ಮನಿ ಮುಂದ ಇಳಿದು, ಗಾಡಿ ಸುತ್ತಿ ಬಂದು
ಆಕಿ ಬಾಗಿಲ ಹಿಡಿಕಿ ಮ್ಯಾಲ ಕೈ ಇಟ್ಟು ನಿಂತೀನಿ.
ಎಂಜಿನ್ ಟಿಕ್ ಟಿಕ್ ಅಂತ ತಣ್ಣಗಾಗಲಿಕ್ಕತ್ತದ.